ನೊರೆಯ ಲೆಕ್ಕ

ನಮ್ಮ ಅತ್ತೆಯವರು ಇರುವ ತನಕ ಮನೆಯ ರೇಷ್ಮೆ ಸೀರೆಗಳಿಗೆ ಸೋಪು ಸೋಕಿದ್ದಿಲ್ಲ. ಹಿತ್ತಲ ಕಡೆಯ ಗೂಡಿನಲ್ಲಿ ಒಂದು ಹಳೆಯ ತಗಡಿನ ಡಬ್ಬ, ಅದರ ತುಂಬ ಅಂಟುವಾಳದ ಕಾಯಿ. ಹಬ್ಬ ಮುಗಿದ ರಾತ್ರಿ ಹತ್ತು ಹದಿನೈದು ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ನೆನೆಹಾಕುವರು. ಬೆಳಿಗ್ಗೆ ಅದನ್ನು ಚೆನ್ನಾಗಿ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ, ಆ ನೊರೆನೀರಿನಲ್ಲಿ ಸೀರೆಯನ್ನು ಅದ್ದಿ ತೆಗೆದು ನೆರಳಿನಲ್ಲಿ ಹರವುವರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೆ ಇದೆಲ್ಲ ವೃಥಾ ಶ್ರಮವೆನಿಸುತ್ತಿತ್ತು. "ಇಷ್ಟೊಂದು ಯಾಕೆ ಒದ್ದಾಡ್ತೀರಿ ಅತ್ತೆ, ಎರಡು ಚಮಚ ಪುಡಿ ಹಾಕಿದ್ರೆ ಆಯ್ತಲ್ಲ" ಎಂದರೆ ಅವರು ವಾದಕ್ಕೆ ಇಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ ಬಚ್ಚಲ ನೀರು ಹರಿಯುವ ಮೋರಿಯನ್ನು ತೋರಿಸಿ, "ನಿನ್ನ ಪುಡಿ ನೊರೆ ನೋಡಮ್ಮ, ನಿನ್ನೆದು ಇನ್ನೂ ಅಲ್ಲೇ ಕೂತಿದೆ" ಎಂದಿದ್ದರು. ನಾನು ನೋಡಿದೆ, ನಕ್ಕೆ, ಸ್ಕೂಲಿಗೆ ಹೊತ್ತಾಯಿತೆಂದು ಹೊರಟೆ.

ಇನ್ನೊಂದು ನಗು ಇದಕ್ಕಿಂತ ಹೆಚ್ಚು ಕಾಡುತ್ತದೆ. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಒಂದು ವರ್ಷ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ದೀರ್ಘ ರಜೆಯ ಮೇಲೆ ಹೋದರು. ಎಂಟನೇ ತರಗತಿಯ ವಿಜ್ಞಾನ ನನ್ನ ತಲೆಗೆ ಬಂತು. ಸೂಕ್ಷ್ಮಜೀವಿಗಳ ಪಾಠ ನಡೆಯುತ್ತಿತ್ತು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಬ್ಯಾಕ್ಟೀರಿಯಾ ಮೊಸರು ಮಾಡುತ್ತೆ, ಔಷಧಿ ಮಾಡುತ್ತೆ ಅಂದ್ರಲ್ಲ, ಸೋಪು ಮಾಡುತ್ತಾ?" ಎಂದಳು. ನಾನು, "ಸೋಪು ಇರೋದೇ ಬ್ಯಾಕ್ಟೀರಿಯಾ ತೊಳೆಯೋಕೆ ಕಣೇ" ಎಂದುಬಿಟ್ಟೆ. ಇಡೀ ತರಗತಿ ಗೊಳ್ಳೆಂದಿತು. ಆ ಹುಡುಗಿ ಕೂತಳು. ಆ ವರ್ಷ ಮತ್ತೆ ಅವಳು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಆಕೆ ಕೇಳಿದ ಪ್ರಶ್ನೆಗೆ ಉತ್ತರ 'ಹೌದು' ಎಂದು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ವಿಜ್ಞಾನದವರು ಇದನ್ನು ಸೂತ್ರಗಳಲ್ಲಿ ಹೇಳಿಯಾರು. ನನಗೆ ಗೊತ್ತಿರುವುದು ಇತಿಹಾಸದ ದಾರಿ, ಅದರಲ್ಲೇ ಹೋಗುತ್ತೇನೆ.

ಮೊದಲು ಅಡುಗೆಮನೆಯ ಒಂದು ಆಟ. ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಪುಡಿ ತೇಲುತ್ತದೆ. ಬೆರಳ ತುದಿಗೆ ಸೋಪು ಸವರಿ ನಡುವೆ ಮುಟ್ಟಿದರೆ ಪುಡಿಯೆಲ್ಲ ದಡಕ್ಕೆ ಓಡುತ್ತದೆ. ನೀರಿನ ಮೈಮೇಲೆ ಬಿಗಿಯಾದ ಚರ್ಮದಂಥ ಒಂದು ಎಳೆತವಿದೆ, ಸೋಪು ಅದನ್ನು ಸಡಿಲಿಸುತ್ತದೆ. ಸೋಪಿನ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲ ಜಿಡ್ಡನ್ನು ಕಚ್ಚಿಕೊಂಡರೆ ತಲೆ ಅದನ್ನು ನೀರಿಗೆ ಎಳೆಯುತ್ತದೆ. ಇಂಥ ಗುಣವಿರುವ ವಸ್ತುಗಳಿಗೆಲ್ಲ ಸರ್ಫೆಕ್ಟೆಂಟ್ ಎಂದು ಹೆಸರು. ಅಂಟುವಾಳದ ಸಿಪ್ಪೆಯಲ್ಲಿ, ಸೀಗೆಕಾಯಿಯಲ್ಲಿ ಇರುವ ಸಪೋನಿನ್ ಕೂಡ ಇದೇ ಕುಲದ್ದು. ನಮ್ಮಜ್ಜಿಯರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಇನ್ನು ಕಥೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ, ಗಾಯಕ್ಕೆ ಕಟ್ಟಿದ ಪಟ್ಟಿಗಳಿಂದ. ಆಗಿನ ಆಸ್ಪತ್ರೆಗಳಲ್ಲಿ ಗಾಯದ ಪಟ್ಟಿಗಳು ಕೆಲವು ಸಲ ನೀಲಿ ಹಸಿರು ಬಣ್ಣಕ್ಕೆ ತಿರುಗುತ್ತಿದ್ದವು. ಅದಕ್ಕೇನು ಕಾರಣವೆಂದು ಕಾರ್ಲ್ ಗೆಸ್ಸಾರ್ ಎಂಬ ಸೈನ್ಯದ ಔಷಧ ತಜ್ಞ ಹುಡುಕಿದ. 1882ರಲ್ಲಿ ಆತ ಆ ಕಲೆಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಇಂದು ಅದರ ಹೆಸರು ಸ್ಯೂಡೊಮೊನಾಸ್ ಏರುಗಿನೋಸಾ. ಸುಟ್ಟ ಗಾಯಗಳಿಗೆ, ಶಕ್ತಿಗುಂದಿದ ರೋಗಿಗಳಿಗೆ ಈಗಲೂ ಅದು ಕೆಟ್ಟ ಶತ್ರು. ಹೀಗೆ ಬಟ್ಟೆಗೆ ಕಲೆ ಮಾಡುವುದರಿಂದ ಜಗತ್ತಿಗೆ ಪರಿಚಯವಾದ ಈ ಜೀವಿಯೇ ಮುಂದೆ ಸೋಪಿನಂಥ ವಸ್ತುವನ್ನು ಕೊಟ್ಟಿತು. 1949ರಲ್ಲಿ ಅಮೆರಿಕದ ಜಾರ್ವಿಸ್ ಮತ್ತು ಜಾನ್ಸನ್ ಎಂಬಿಬ್ಬರು ಈ ಬ್ಯಾಕ್ಟೀರಿಯಾವನ್ನು ಗ್ಲಿಸರಿನ್ ಹಾಕಿದ ನೀರಿನಲ್ಲಿ ಬೆಳೆಸಿ, ಅದು ಹೊರಗೆ ಬಿಟ್ಟ ಒಂದು ವಸ್ತುವನ್ನು ಶುದ್ಧಮಾಡಿ ವಿವರಿಸಿದರು. ರಾಮ್ನೋಸ್ ಎಂಬ ಸಕ್ಕರೆ ತಲೆ, ಕೊಬ್ಬಿನ ಆಮ್ಲದ ಬಾಲ. ಅದಕ್ಕೇ ರಾಮ್ನೋಲಿಪಿಡ್ ಎಂದು ಹೆಸರು ಬಂತು. ಗ್ಲಿಸರಿನ್ ಎನ್ನುವುದು ಎಣ್ಣೆಯಿಂದ ಸೋಪು ಬೇಯಿಸಿದಾಗ ಉಳಿಯುವ ಪದಾರ್ಥ. ಮನುಷ್ಯರು ಸೋಪು ಮಾಡಿ ಬಿಟ್ಟದ್ದನ್ನು ತಿಂದು ಬ್ಯಾಕ್ಟೀರಿಯಾ ತನ್ನದೇ ಸೋಪು ಮಾಡಿತು! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಎರಡನೇ ಬೆಂಚು ಕಣ್ಣಮುಂದೆ ಬಂತು.

ಬ್ಯಾಕ್ಟೀರಿಯಾಕ್ಕೆ ಸೋಪು ಯಾತಕ್ಕೆ? ಅದಕ್ಕೇನು ಬಟ್ಟೆ ಒಗೆಯುವುದಿದೆಯೆ? ಅದರ ಅಗತ್ಯ ಊಟದ್ದು. ಅದು ಇರುವುದು ನೀರಿನಲ್ಲಿ, ಆಹಾರವಾದ ಎಣ್ಣೆ ದೂರ ತೇಲುತ್ತಿರುತ್ತದೆ. ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದರೆ ತಾನೆ ಬಾಯಿಗೆ ಸಿಕ್ಕುವುದು? ಅದಕ್ಕಾಗಿ ಈ ವಸ್ತುವನ್ನು ಸ್ರವಿಸುತ್ತದೆ. ಹಿಂಡಾಗಿ ಒಂದು ಮೇಲ್ಮೈ ಮೇಲೆ ಹರಡಿಕೊಳ್ಳುವುದಕ್ಕೂ ಅದು ಬೇಕು.

ಆ ಹೊತ್ತಿಗೆ ಜಗತ್ತಿಗೆ ಇದರ ಅಗತ್ಯ ಕಾಣಲಿಲ್ಲ. ಕಲ್ಲೆಣ್ಣೆಯಿಂದ ಮಾಡಿದ ಡಿಟರ್ಜೆಂಟು ಬಂದಾಗಿತ್ತು. ಮೊದಲ ಮಹಾಯುದ್ಧದಲ್ಲಿ ಕೊಬ್ಬಿನ ಅಭಾವ ಬಂದು ಜರ್ಮನಿಯವರು ಶುರುಮಾಡಿದ್ದು ಎರಡನೆಯ ಯುದ್ಧ ಮುಗಿದ ಮೇಲೆ ಮನೆಮನೆಗೆ ನುಗ್ಗಿತು. ಅದೇ ಮೊದಲ ಯುದ್ಧದ ಕಾಲದಲ್ಲಿ ನಮ್ಮಲ್ಲಿ ನಡೆದದ್ದು ಬೇರೆ. ಶ್ರೀಗಂಧದ ಕೊರಡುಗಳ ರಫ್ತು ನಿಂತುಹೋಗಿ, ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಹೊರಟು, ಅದರಿಂದ 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಬಂತು. ಆ ಕಥೆ ನಮಗೆಲ್ಲ ಗೊತ್ತಿರುವುದೇ. ಡಿಟರ್ಜೆಂಟು ಪುಡಿ ನಮ್ಮ ದೇಶದ ಅಂಗಡಿಗೆ ಸರ್ಫ್ ಎಂಬ ಹೆಸರಿನಲ್ಲಿ 1959ರಲ್ಲಿ ಬಂತು. ಅದು ಉಳ್ಳವರ ಮನೆಗೆ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಲಲ್ಲಿ ಮಿಶ್ರಮಾಡಿ ಸೈಕಲ್ಲಿನಲ್ಲಿ ಮಾರಿದ ನಿರ್ಮಾ, ಪುಡಿಯನ್ನು ನಮ್ಮಂಥವರ ಮನೆಯ ಬಚ್ಚಲಿಗೂ ತಂದಿತು. ನಾನು ಬೆಳೆದದ್ದೇ ಆ ನೊರೆಯ ಮಧ್ಯೆ. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆಂದು ನಂಬಿದ್ದೆ. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ "ಇನ್ನೊಂದು ಹಿಡಿ ಹಾಕ್ರೀ" ಎಂದು ಹೇಳುತ್ತಿದ್ದೆ. ಆಕೆಯ ಬೆರಳ ಸಂದುಗಳು ಬಿರಿದು ಕೆಂಪಾಗಿರುತ್ತಿದ್ದವು. "ಚಳಿಗಾಲ ಅಲ್ವಾ ಟೀಚರಮ್ಮ" ಎನ್ನುತ್ತಿದ್ದರು. ಬೇಸಿಗೆಯಲ್ಲೂ ಹಾಗೇ ಇದ್ದವೆಂಬುದನ್ನು ನಾನು ಗಮನಿಸಿದ್ದು ತಡವಾಗಿ. ಗಂಡಸರು ಬರೆದ ಡಿಟರ್ಜೆಂಟಿನ ಚರಿತ್ರೆಗಳಲ್ಲಿ ಈ ಕೈಗಳ ಸುದ್ದಿ ಕಡಿಮೆ.

ಅತ್ತೆಯವರು ಮೋರಿಯಲ್ಲಿ ತೋರಿಸಿದ್ದನ್ನು ಯೂರೋಪು, ಅಮೆರಿಕಗಳು 1950ರ ದಶಕದಲ್ಲೇ ಕಂಡಿದ್ದವು. ಆಗಿನ ಡಿಟರ್ಜೆಂಟಿನ ಬಾಲ ಕವಲು ಕವಲಾಗಿತ್ತು. ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಕವಲುಬಾಲ ಜೀರ್ಣವಾಗದು. ಹೊಳೆಗಳ ಮೇಲೆ ನೊರೆಯ ಗುಡ್ಡಗಳು ಎದ್ದವು. ಕೆಲವು ಊರುಗಳಲ್ಲಿ ಕುಡಿಯುವ ನೀರಿನ ನಲ್ಲಿಯಲ್ಲೂ ನೊರೆ ಬಂತು. ಜರ್ಮನಿ 1961ರಲ್ಲಿ ಕಾನೂನು ಮಾಡಿತು, 1964ರಿಂದ ಜಾರಿಗೆ ತಂದಿತು. ಕಾರ್ಖಾನೆಗಳು ನೇರ ಬಾಲದ, ಬೇಗ ಕೊಳೆಯುವ ಬಗೆಗೆ ಬದಲಾದವು. ಆದರೆ ಬೇಗ ಕೊಳೆಯಬೇಕಾದರೂ ಕೊಳಚೆಯನ್ನು ಶುದ್ಧಿಮಾಡುವ ವ್ಯವಸ್ಥೆ ಇರಬೇಕಲ್ಲ. ಶುದ್ಧಿಯಾಗದ ಕೊಳಚೆ ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರ ಮೇ ತಿಂಗಳಲ್ಲಿ ಹೊತ್ತಿ ಉರಿದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ.

ಜಗತ್ತು ಬೆಚ್ಚಿದ್ದು ಮಾತ್ರ ಒಂದು ಹಡಗಿನಿಂದ. 1967ರ ಮಾರ್ಚ್ 18ರಂದು ಟೋರಿ ಕ್ಯಾನಿಯನ್ ಎಂಬ ತೈಲದ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆಯ ಬಂಡೆಗಳಿಗೆ ಬಡಿದು ಒಡೆಯಿತು. ಒಳಗಿದ್ದದ್ದು ಸುಮಾರು 1,19,000 ಟನ್ ಕಚ್ಚಾ ತೈಲ. ದಡಕ್ಕೆ ಬಂದ ಎಣ್ಣೆಯನ್ನು ತೊಳೆಯಲು ಸುಮಾರು 10,000 ಟನ್ ಡಿಟರ್ಜೆಂಟನ್ನು ಬಂಡೆಗಳ ಮೇಲೂ ನೀರಿನ ಮೇಲೂ ಸುರಿದರು. ಎಣ್ಣೆ ಮರೆಯಾಯಿತು. ಜೊತೆಗೆ ಬಂಡೆಗೆ ಅಂಟಿಕೊಂಡು ಬದುಕುತ್ತಿದ್ದ ಚಿಪ್ಪಿನ ಜೀವಿಗಳೂ ಸತ್ತವು, ಮುಖ್ಯವಾಗಿ ಆ ಡಿಟರ್ಜೆಂಟಿನಲ್ಲಿ ಬೆರೆಸಿದ್ದ ಸೀಮೆಎಣ್ಣೆಯಂಥ ದ್ರಾವಕಗಳಿಂದ. ಪಾಚಿಯನ್ನು ಮೇಯುತ್ತಿದ್ದ ಆ ಚಿಪ್ಪಿನವುಗಳು ಹೋದದ್ದರಿಂದ ಬಂಡೆಗಳೆಲ್ಲ ಹಸಿರು ಪಾಚಿಯಿಂದ ಮುಚ್ಚಿಹೋದವು. ಅವು ಮೊದಲಿನಂತಾಗಲು ಕೆಲವೆಡೆ ಹತ್ತು ಹದಿನೈದು ವರ್ಷ ಹಿಡಿಯಿತು. ಅದೇ ತೀರದಲ್ಲಿ ಗೊಡ್ರೆವಿ ಎಂಬಲ್ಲಿ ಸೀಲ್‌ಗಳಿಗೆ ತೊಂದರೆಯಾದೀತೆಂದು ಡಿಟರ್ಜೆಂಟು ಹಾಕದೆ ಬಿಟ್ಟಿದ್ದರು. ಅಲ್ಲಿ ಎರಡು ಮೂರು ವರ್ಷಗಳಲ್ಲೇ ಜೀವ ಮರಳಿತು. ತೊಳೆದದ್ದಕ್ಕಿಂತ ತೊಳೆಯದೆ ಬಿಟ್ಟದ್ದೇ ಮೇಲಾಯಿತು! ಮಕ್ಕಳಿಗೆ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸುವ ನಾನು ಈ ಇಸವಿಯನ್ನೂ ಹೇಳುತ್ತೇನೆ.

ಮರುವರ್ಷ, 1968ರಲ್ಲಿ, ಜಪಾನಿನ ಅರಿಮಾ ಮತ್ತು ಸಂಗಡಿಗರು ಬೇರೇನನ್ನೋ ಹುಡುಕುತ್ತ ಇನ್ನೊಂದನ್ನು ಕಂಡರು. ಅವರ ಗಮನವಿದ್ದದ್ದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವಿನ ಕಡೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ, ಹುಲ್ಲಿನಲ್ಲೂ ಮಣ್ಣಿನಲ್ಲೂ ಇರುವ ಸಾಧು ಬ್ಯಾಕ್ಟೀರಿಯಾ ಅಂಥದ್ದೊಂದನ್ನು ಕೊಟ್ಟಿತು. ಪರೀಕ್ಷಿಸಿ ನೋಡಿದರೆ ಅದು ಬಲು ಜೋರಾದ ಸೋಪು. ನೀರಿನ ಎಳೆತವನ್ನು ಅಳೆಯುವ ಮಾಪನದಲ್ಲಿ ಶುದ್ಧ ನೀರಿನದು 72. ಈ ಸರ್ಫಾಕ್ಟಿನ್ ಬೆರೆತರೆ 27ಕ್ಕೆ ಇಳಿಯುತ್ತದೆ. ಒಂದು ಬಿಂದಿಗೆ ನೀರಿಗೆ ಒಂದು ಚಿಟಿಕೆ ಸಾಕು. ಆದರೆ ಕೆಂಪು ರಕ್ತಕಣಗಳನ್ನೂ ಒಡೆಯುವ ಗುಣ ಅದಕ್ಕಿದೆ. ಪ್ರಕೃತಿಯದ್ದೆಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ. ನಮ್ಮ ಅಂಟುವಾಳವನ್ನೇ ನೀರಿಗೆ ಕಲಸಿ ಮೀನುಗಳಿಗೆ ಮಂಪರು ತರಿಸಿ ಹಿಡಿಯುವ ಪದ್ಧತಿ ಇತ್ತಲ್ಲ.

1970ರ ದಶಕದಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾನಿಲಯದ ರೋಸೆನ್‌ಬರ್ಗ್ ಮತ್ತು ಗಟ್ನಿಕ್ ಕಡಲ ದಂಡೆಯ ಎಣ್ಣೆಯಿಂದ ಒಂದು ಬ್ಯಾಕ್ಟೀರಿಯಾ ತಂದು ಬೆಳೆಸಿದರು. ತೈಲದ ಹಡಗುಗಳು ಖಾಲಿಯಾಗಿ ಮರಳುವಾಗ ಒಳಗೆ ಕಡಲ ನೀರು ತುಂಬಿಕೊಂಡು ಹೋಗುತ್ತಿದ್ದವು, ಆ ಜಿಡ್ಡು ನೀರನ್ನು ಮತ್ತೆ ಕಡಲಿಗೇ ಬಿಡುತ್ತಿದ್ದವು. ಹಡಗು ಸಾಗುತ್ತಿರುವಾಗಲೇ ತಳದ ಜಿಡ್ಡನ್ನು ಬ್ಯಾಕ್ಟೀರಿಯಾದಿಂದಲೇ ಬಿಡಿಸಬಹುದೇ ಎಂದು ಅವರು ನಿಜವಾದ ಹಡಗಿನಲ್ಲೇ ಪ್ರಯೋಗ ಮಾಡಿ 1975ರಲ್ಲಿ ವರದಿ ಪ್ರಕಟಿಸಿದರು. ಅದರ ವಸ್ತುವಿಗೆ ಎಮಲ್ಸಾನ್ ಎಂಬ ಹೆಸರಾಯಿತು.

ಇಷ್ಟೆಲ್ಲ ಆದರೂ ಬ್ಯಾಕ್ಟೀರಿಯಾದ ಸೋಪು ಅಂಗಡಿಗೆ ಬರಲಿಲ್ಲ. ಕಾರಣ ದುಡ್ಡು. ಕಲ್ಲೆಣ್ಣೆಯ ಪುಡಿಗೆ ತಗಲುವ ಖರ್ಚಿನ ಮುಂದೆ ಇದರದು ಹಲವು ಪಟ್ಟು. ಹಾಗಾದರೆ ಬ್ಯಾಕ್ಟೀರಿಯಾಕ್ಕೆ ಅಗ್ಗದ ಊಟ ಹಾಕಿದರೆ ಹೇಗೆ ಎಂಬ ಯೋಚನೆ ಬಂತು. ಓದುತ್ತ ಓದುತ್ತ ನನ್ನ ಕಿವಿ ನೆಟ್ಟಗಾದದ್ದು ಇಲ್ಲಿ. ಜ್ಯೂರಿಕ್ಕಿನವರು 1988ರಲ್ಲಿ, ಚೀಸ್ ಮಾಡಿ ಉಳಿದ ಹಾಲಿನ ತಿಳಿನೀರನ್ನು ಕೊಡಲು ನೋಡಿದರು. ಸ್ಯೂಡೊಮೊನಾಸಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಅದಕ್ಕೆ ಬೇರೆ ಬ್ಯಾಕ್ಟೀರಿಯಾದ ಜೀನುಗಳನ್ನು ಸೇರಿಸಿ ಅರಗುವಂತೆ ಮಾಡಿದರು. ಬಾರ್ಸಿಲೋನಾದವರು 1993ರಲ್ಲಿ ಆಲಿವ್ ಗಾಣದ ಕೊಳಕು ನೀರನ್ನೂ, 2000ದಲ್ಲಿ ಕರಿದು ಉಳಿದ ಎಣ್ಣೆಯನ್ನೂ ಕೊಟ್ಟರು. ಬ್ರೆಜಿಲ್ಲಿನ ಕಾಂಪಿನಾಸ್‌ನಲ್ಲಿ ಮರಗೆಣಸಿನ ಹಿಟ್ಟು ಮಾಡುವಾಗ ಹಿಂಡಿ ಬಿಡುವ ನೀರನ್ನು ಬ್ಯಾಸಿಲಸ್‌ಗೆ ಉಣಿಸಿದರು. ಆ ನೀರಿನಲ್ಲಿ ಸಯನೈಡಿನ ಅಂಶವಿದ್ದು, ಹಾಗೇ ಬಿಟ್ಟರೆ ಹೊಳೆಗೆ ವಿಷ. ನಮ್ಮ ದೇಶದಲ್ಲಿ ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ಮಕ್ಕರ್ ಮತ್ತು ಕಮಿಯೋತ್ರಾ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಸಿಲಸ್‌ಗೆ ಹಾಕಿದ ಊಟ ಯಾವುದು ಗೊತ್ತೆ? ಕಾಕಂಬಿ!

ಮಂಡ್ಯದ ಕಡೆಯವರಿಗೆ ಕಾಕಂಬಿಯೆಂದರೆ ಮೊದಲು ಮೂಗಿಗೆ ನೆನಪು. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಬೆಳೆದವಳು ನಾನು. ಕಬ್ಬು ಅರೆಯುವ ದಿನಗಳಲ್ಲಿ ಸಿಹಿಯೂ ಹುಳಿಯೂ ಬೆರೆತ, ತಲೆ ಭಾರವಾಗಿಸುವ ಆ ವಾಸನೆ ಓಣಿಯ ತುಂಬ. ಸಕ್ಕರೆಯ ಹರಳು ತೆಗೆದ ಮೇಲೆ ಉಳಿಯುವ, ಕಾಡಿಗೆಯಂತೆ ಕಪ್ಪಾದ ಆ ಮಂದ ಪಾಕದಲ್ಲಿ ಇನ್ನೂ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯಿದೆ, ಹರಳಾಗಲಾರದ ಸ್ಥಿತಿಯಲ್ಲಿ. ಅದು ಸ್ಪಿರಿಟ್ಟಿಗೆ ಹೋಗುತ್ತದೆಂಬುದೊಂದೇ ನಮಗೆ ಗೊತ್ತಿದ್ದದ್ದು. ಸಾರಾಯಿಯಿಂದ ಹಾಳಾದ ಮನೆಗಳನ್ನು ಕಂಡ ನಮ್ಮೂರ ಹೆಂಗಸರಿಗೆ ಕಾಕಂಬಿಯ ಮೇಲೆ ಒಂದು ಸಿಟ್ಟೂ ಇತ್ತು. ಅದರಿಂದ ಸೋಪಿನಂಥದ್ದೂ ಆಗುತ್ತದೆಂದು ಯಾರಾದರೂ ಆಗ ಹೇಳಿದ್ದರೆ ನಾವು ನಂಬುತ್ತಿದ್ದೆವೋ ಇಲ್ಲವೋ. ಚಂಡೀಗಢದವರು 45 ಡಿಗ್ರಿ ಶಾಖದಲ್ಲೂ ಬೆಳೆಯುವ ತಳಿಗಳನ್ನು ಆರಿಸಿಕೊಂಡಿದ್ದರು. ನಮ್ಮ ಬಿಸಿಲಿನ ದೇಶಕ್ಕೆ ಅದು ಅನುಕೂಲ; ತಂಪು ಮಾಡುವ ಖರ್ಚು ಉಳಿಯುತ್ತದೆ.

ಆದರೆ ಊಟ ಅಗ್ಗವಾದರೆ ಅಡುಗೆಯೂ ಅಗ್ಗವೆ? ಇದನ್ನು ಯಾವ ಗೃಹಿಣಿಯನ್ನು ಕೇಳಿದರೂ ಹೇಳಿಯಾಳು. ದೊಡ್ಡ ಕೊಳಗದಲ್ಲಿ ಬ್ಯಾಕ್ಟೀರಿಯಾ ಬೆಳೆಸುವಾಗ ಉಸಿರಾಟಕ್ಕೆ ಗಾಳಿ ಊದುತ್ತಲೇ ಇರಬೇಕು. ಸೋಪಿನ ನೀರಿಗೆ ಗಾಳಿ ಊದಿದರೆ ಏನಾದೀತು? ಒಲೆಯ ಮೇಲೆ ಹಾಲಿಟ್ಟು ಮರೆತ ಹಾಗೆ, ನೊರೆ ಉಕ್ಕಿ ಹೊರಗೆ ಹರಿಯುತ್ತದೆ. ಮೊದಮೊದಲು ಇದೇ ದೊಡ್ಡ ಪೀಡೆ. 1981ರಲ್ಲಿ ಕೂಪರ್ ಮತ್ತು ಸಂಗಡಿಗರು ಆ ಪೀಡೆಯನ್ನೇ ಉಪಾಯವಾಗಿಸಿದರು. ಸರ್ಫಾಕ್ಟಿನ್ ಹೇಗೂ ನೊರೆಯಲ್ಲೇ ಹೆಚ್ಚು ಸೇರಿಕೊಳ್ಳುತ್ತದೆ; ಉಕ್ಕುವ ನೊರೆಯನ್ನು ಒಂದು ಕೊಳವೆಯಲ್ಲಿ ಇನ್ನೊಂದು ಪಾತ್ರೆಗೆ ಹರಿಸಿ ಸಂಗ್ರಹಿಸಿದರು. ಕೊಳಗದಲ್ಲಿ ಸರಕು ಕಡಿಮೆಯಾಗುತ್ತಿದ್ದಂತೆ ಬ್ಯಾಕ್ಟೀರಿಯಾ ಮತ್ತಷ್ಟು ಮಾಡಿಕೊಟ್ಟಿತು. ಕೆನೆ ತೆಗೆದಷ್ಟೂ ಕೆನೆ! ಈ ಭಾಗವನ್ನು ನಾನು ಎರಡು ಸಲ ಓದಿದೆ, ಸಂತೋಷಕ್ಕಾಗಿ.

ಹೀಗೆಲ್ಲ ಉಪಾಯ ಮಾಡಿದರೂ, ಒಟ್ಟು ಖರ್ಚಿನಲ್ಲಿ ಊಟದ ಪಾಲು 10ರಿಂದ 30 ಶೇಕಡಾ ಎಂದು ಲೆಕ್ಕ ಹಾಕಿದ್ದಾರೆ. ಸುಮಾರು 60 ಶೇಕಡಾ ಹೋಗುವುದು ಆಮೇಲಿನ ಕೆಲಸಕ್ಕೆ: ಬ್ಯಾಕ್ಟೀರಿಯಾವನ್ನು ಬೇರೆ ಮಾಡು, ಬಣ್ಣ ತೆಗೆ, ಸೋಸು, ಒಣಗಿಸು. ಕಾಕಂಬಿ ಅಗ್ಗ ನಿಜ, ಅದರ ಕಪ್ಪನ್ನು ತೆಗೆಯುವುದು ಅಗ್ಗವಲ್ಲ. ಕರಿದ ಎಣ್ಣೆ ಇವತ್ತಿನ ಹಾಗೆ ನಾಳೆಯದಿರುವುದಿಲ್ಲ. ಈ ಅಂಕಿಗಳನ್ನು ನೋಡಿದಾಗ ನನಗೆ ಹೊಳೆದದ್ದು ಅತ್ತೆಯವರ ಅಂಟುವಾಳ. ಅದೂ ಪುಕ್ಕಟೆಯೆಂದೇ ನಾವು ತಿಳಿದಿದ್ದೆವು, ಊರ ತೋಪಿನಲ್ಲಿ ಬಿದ್ದಿರುವ ಕಾಯಿ ತಾನೆ ಎಂದು. ಆಯುವುದು, ಒಣಗಿಸುವುದು, ಒಡೆಯುವುದು, ನೆನೆಹಾಕುವುದು, ಕಿವುಚುವುದು, ಸೋಸುವುದು, ಇಷ್ಟನ್ನೂ ಅವರು ಮಾಡುತ್ತಿದ್ದರು. ಕಾರ್ಖಾನೆಯವರು ಸೋಸುವುದಕ್ಕೆ 60 ಶೇಕಡಾ ಬರೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಏನನ್ನೂ ಬರೆದಿರಲಿಲ್ಲ. ನಾನಂತೂ ನಕ್ಕಿದ್ದೆ. ಪುಡಿ ಬಂದು ನಮ್ಮಂಥವರ ಎಷ್ಟೋ ಗಂಟೆಗಳನ್ನು ಉಳಿಸಿತೆಂಬುದನ್ನೂ ನಾನು ಮರೆಯಲಾರೆ. ಅದಿಲ್ಲದೆ ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ಕೊನೆಗೂ ದೊಡ್ಡ ಪ್ರಮಾಣದ ಕಾರ್ಖಾನೆ ಬಂತು. ಎವೊನಿಕ್ ಎಂಬ ಜರ್ಮನ್ ಕಂಪನಿ ಸ್ಲೊವಾಕಿಯಾ ದೇಶದಲ್ಲಿ ಕಟ್ಟಿದ ರಾಮ್ನೋಲಿಪಿಡ್ ಕಾರ್ಖಾನೆಯಿಂದ 2024ರ ಜನವರಿಯಲ್ಲಿ ಮೊದಲ ಸರಕು ಹೊರಬಿತ್ತು. ಅದಕ್ಕೆ ಮುಂಚೆ 2019ರಲ್ಲೇ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಪಾತ್ರೆ ತೊಳೆಯುವ ದ್ರವವೊಂದರಲ್ಲಿ ಇದನ್ನು ಬೆರೆಸಿ ಮಾರಿದ್ದರು. ಅಲ್ಲಿ ಕೆಲಸ ಮಾಡುವುದು ಗೆಸ್ಸಾರ್ ಕಂಡ ಆ ರೋಗಕಾರಿಯಲ್ಲ; ಅದರ ನಿರಪಾಯ ದಾಯಾದಿ ಸ್ಯೂಡೊಮೊನಾಸ್ ಪುಟಿಡಾಕ್ಕೆ ಈ ವಿದ್ಯೆಯ ಜೀನುಗಳನ್ನು ಕೊಟ್ಟು ಕಲಿಸಿದ್ದಾರೆ. ಹಾಕುವ ಊಟ ಮಾತ್ರ ಜೋಳದ ಸಕ್ಕರೆ. ಕಾಕಂಬಿಯಲ್ಲ, ಕರಿದ ಎಣ್ಣೆಯಲ್ಲ. ಕಾರ್ಖಾನೆಗೆ ದಿನವೂ ಒಂದೇ ಹದದ ಪದಾರ್ಥ ಬೇಕು, ಅದು ಅರ್ಥವಾಗುತ್ತದೆ. ಆದರೂ ತಿನ್ನುವ ಬೆಳೆಯಿಂದಲೇ ತೊಳೆಯುವ ಸರಕು ಮಾಡಬೇಕೇ ಎಂಬ ಸಣ್ಣ ಬೇಸರ ನನಗೆ ಉಳಿದಿದೆ. ಮೂವತ್ತು ವರ್ಷಗಳಿಂದ ಪ್ರಯೋಗಶಾಲೆಗಳು ಉಳಿಕೆಯಿಂದಲೂ ಆಗುತ್ತದೆಂದು ತೋರಿಸುತ್ತಲೇ ಬಂದಿವೆಯಲ್ಲ.

ಕಳೆದ ವೈಶಾಖದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬಳು ಬಂದು, "ಮಿಸ್, ಗುರ್ತು ಸಿಕ್ತಾ?" ಎಂದಳು. ಎರಡನೇ ಬೆಂಚು! ಪಕ್ಕದಲ್ಲಿ ಕೂರಿಸಿಕೊಂಡು, "ನಿನಗೊಂದು ಉತ್ತರ ಬಾಕಿ ಇದೆ ಕಣೇ. ಅವತ್ತು ನೀನು ಕೇಳಿದ್ದು ಸರಿ, ನಾನು ನಕ್ಕಿದ್ದು ತಪ್ಪು" ಎಂದೆ. ಅವಳು ಕಣ್ಣರಳಿಸಿ, "ಯಾವ ಪ್ರಶ್ನೆ ಮಿಸ್?" ಎಂದಳು. ಅವಳಿಗೆ ನೆನಪೇ ಇರಲಿಲ್ಲ. ನಾನು ಪಟ್ಟಿಯಿಂದ ಹಿಡಿದು ಕಾಕಂಬಿಯವರೆಗೆ ಹೇಳಿದೆ. ಮಗುವಿನ ಬಾಯಿಂದ ಸರದ ತುದಿಯನ್ನು ಬಿಡಿಸುತ್ತ ಅವಳು ಗಮನವಿಟ್ಟೇ ಕೇಳಿದಳು. ಎಲ್ಲ ಮುಗಿದ ಮೇಲೆ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡು, "ನಮ್ಮ ಅಂಗಡೀಲಿ ಸಿಗುತ್ತಾ ಮಿಸ್? ಎಷ್ಟಂತೆ ರೇಟು?" ಎಂದಳು.

ಅಷ್ಟರಲ್ಲಿ ಎಲೆ ಹಾಕಿದ್ದಾರೆ, ಏಳಿ ಎಂದು ಯಾರೋ ಕರೆದರು.